‘ಲೈನ್ ಆಫ್ ಮಾಡಿಸಿದೀನಿ, ಹತ್ತು’: ಒಂದು ಮಾತಿನ ಇತಿಹಾಸ

ಏಪ್ರಿಲ್ ಕೊನೆ, ಇಲ್ಲವೇ ಮೇ ತಿಂಗಳು. ಸಂಜೆ ನಾಲ್ಕರ ಹೊತ್ತಿಗೆ ಮೋಡ ಕಪ್ಪಾಗುತ್ತದೆ, ಗಾಳಿಗೆ ಧೂಳು ಮೇಲೇಳುತ್ತದೆ, ಎಲ್ಲೋ ತೆಂಗಿನ ಗರಿ ತಂತಿಗೆ ಬಡಿದು ಚಟಾರ್ ಎನ್ನುತ್ತದೆ, ಕರೆಂಟ್ ಹೋಗುತ್ತದೆ. ಅರ್ಧ ಗಂಟೆ ಆಲಿಕಲ್ಲು ಮಳೆ. ಮಳೆ ನಿಂತ ಮೇಲೆ ಹೋಗಿ ನೋಡಿದರೆ ಊರ ಹೊರಗಿನ ಹುಣಸೆ ಕೊಂಬೆ ಲೈನ್ ಮೇಲೆ ಒರಗಿದೆ, ಎರಡು ಕಂಬ ವಾಲಿವೆ, ಒಂದು ತಂತಿ ಕಡಿದು ಹೊಲದ ಬದುವಿನ ಮೇಲೆ ಬಿದ್ದಿದೆ.

ಆಮೇಲೆ ನಡೆಯುವುದು ನಮಗೆಲ್ಲ ಗೊತ್ತು. ಲೈನ್‌ಮ್ಯಾನ್‌ಗೆ ಫೋನ್ ಹೋಗುತ್ತದೆ. ಅವರು ಒಬ್ಬರೇ, ನೋಡಿಕೊಳ್ಳಬೇಕಾದ ಊರುಗಳು ಹಲವು. ಅವರು ಬರುವಷ್ಟರಲ್ಲಿ ಮರ ಹತ್ತಲು ಬರುವ ಒಬ್ಬ ಹುಡುಗನನ್ನು ಯಾರೋ ಕರೆದುಕೊಂಡು ಬಂದಿರುತ್ತಾರೆ. ಅವನ ಕೈಯಲ್ಲಿ ಮಚ್ಚು, ಕಾಲು ಬರಿಗಾಲು, ಮರದ ತೊಗಟೆ ಒದ್ದೆ. ಕೆಳಗೆ ನಿಂತವರು ಹೇಳುವುದು ಒಂದೇ ಮಾತು: ‘ಲೈನ್ ಆಫ್ ಮಾಡಿಸಿದೀನಿ, ಹತ್ತು.’

ಹೆಚ್ಚು ಸಲ ಏನೂ ಆಗುವುದಿಲ್ಲ. ಆದ ದಿನ ಪೇಪರಿನಲ್ಲಿ ನಾಲ್ಕು ಸಾಲು ಬರುತ್ತದೆ, ‘ವಿದ್ಯುತ್ ತಗುಲಿ ಯುವಕ ಸಾವು’ ಎಂದು. ಹತ್ತಲು ಹೇಳಿದವರು ಯಾರು, ಆಫ್ ಆಗಿದ್ದದ್ದು ಯಾವ ಸ್ವಿಚ್ಚು, ತಂತಿಗೆ ಅರ್ಥ್ ಹಾಕಿದ್ದರೋ ಇಲ್ಲವೋ, ಇದ್ಯಾವುದೂ ಆ ನಾಲ್ಕು ಸಾಲಲ್ಲಿ ಇರುವುದಿಲ್ಲ. ನಾವು ಓದಿದ್ದು ಪತ್ರಿಕೋದ್ಯಮ, ಎಲೆಕ್ಟ್ರಿಕಲ್ ಅಲ್ಲ. ಅಂಥ ನಾಲ್ಕು ಸಾಲನ್ನು ನಾವೂ ಬರೆದಿದ್ದೇವೆ. ಆ ನಾಚಿಕೆಯಿಂದಲೇ ಈ ಮಾತಿನ ಹಿಂದೆ ಹೋದೆವು. ಹೋದರೆ ಅದು ನಮ್ಮನ್ನು ನೂರಮೂವತ್ತು ವರ್ಷಕ್ಕೂ ಹಿಂದಿನ ನ್ಯೂಯಾರ್ಕ್‌ಗೆ ಕರೆದುಕೊಂಡು ಹೋಯಿತು.

1888ರ ಮಾರ್ಚ್‌ನಲ್ಲಿ ಅಮೆರಿಕದ ಪೂರ್ವ ಕರಾವಳಿಗೆ ದೊಡ್ಡ ಹಿಮದ ಬಿರುಗಾಳಿ ಬಡಿಯಿತು. ಮೂರು ದಿನ ನ್ಯೂಯಾರ್ಕ್ ನಗರ ಹಿಮದಡಿ ಹೂತುಹೋಯಿತು. ಆ ಕಾಲದ ನ್ಯೂಯಾರ್ಕ್ ಬೀದಿಗಳ ಹಳೆಯ ಫೋಟೋ ನೋಡಿದವರಿಗೆ ಗೊತ್ತಿರುತ್ತದೆ, ತಲೆಯ ಮೇಲೆ ಆಕಾಶಕ್ಕಿಂತ ತಂತಿಯೇ ಹೆಚ್ಚು. ಟೆಲಿಗ್ರಾಫ್, ಟೆಲಿಫೋನ್, ಬೆಂಕಿ ಎಚ್ಚರಿಕೆಯ ತಂತಿ, ಬೀದಿ ದೀಪದ ತಂತಿ ಎಲ್ಲ ಒಂದೇ ಕಡೆ. ಒಂದೊಂದು ಕಂಪನಿಗೂ ತನ್ನದೇ ತಂತಿ. ಮುಚ್ಚಿಹೋದ ಕಂಪನಿಗಳ ತಂತಿಯನ್ನು ಯಾರೂ ಬಿಚ್ಚಿರಲಿಲ್ಲ, ಅದೂ ಅಲ್ಲೇ ನೇತಾಡುತ್ತಿತ್ತು. ತಂತಿಗಳನ್ನು ನೆಲದೊಳಗೆ ಹಾಕಬೇಕು ಎಂದು 1884ರಲ್ಲೇ ಕಾನೂನು ಬಂದಿದ್ದರೂ ಕಂಪನಿಗಳು ಕೋರ್ಟು, ಅರ್ಜಿ ಎಂದು ಕಾಲ ತಳ್ಳುತ್ತಿದ್ದವು. ಬಿರುಗಾಳಿ ಬಂದಾಗ ಕಂಬಗಳು ಸಾಲಾಗಿ ಉರುಳಿದವು, ತಂತಿಗಳು ಬೀದಿಗೆ ಬಂದವು.

ಹಿಮ ಕರಗಿತು, ಸಾವು ಶುರುವಾಯಿತು. ಏಪ್ರಿಲ್ 15ರಂದು ಈಸ್ಟ್ ಬ್ರಾಡ್‌ವೇ ಬೀದಿಯಲ್ಲಿ ಒಬ್ಬ ಹುಡುಗ ಜೋತುಬಿದ್ದಿದ್ದ ಟೆಲಿಗ್ರಾಫ್ ತಂತಿ ಮುಟ್ಟಿ ಸತ್ತ. ಟೆಲಿಗ್ರಾಫ್ ತಂತಿಯಲ್ಲಿ ಇರುವುದು ಸಣ್ಣ ಕರೆಂಟ್, ಕೈ ಜುಮ್ ಎನ್ನಬಹುದು, ಅಷ್ಟೇ. ಆದರೆ ಆ ತಂತಿಗೆ ಬೀದಿ ದೀಪದ ಕಂಪನಿಯ ಲೈನ್‌ನಿಂದ ಕರೆಂಟ್ ಹರಿದಿತ್ತು. ಕೆಲವು ದಿನಗಳಲ್ಲಿ ಒಬ್ಬ ಗುಮಾಸ್ತ ಸತ್ತ. ಮೇ ತಿಂಗಳಲ್ಲಿ ದೀಪದ ಕಂಪನಿಯದೇ ಒಬ್ಬ ಲೈನ್‌ಮ್ಯಾನ್ ತಂತಿ ಕತ್ತರಿಸುವಾಗ ಸತ್ತ.

ಮರುವರ್ಷ, 1889ರ ಅಕ್ಟೋಬರ್ 11. ವೆಸ್ಟರ್ನ್ ಯೂನಿಯನ್ ಟೆಲಿಗ್ರಾಫ್ ಕಂಪನಿಯ ಲೈನ್‌ಮ್ಯಾನ್ ಜಾನ್ ಫೀಕ್ಸ್ ಮ್ಯಾನ್‌ಹ್ಯಾಟನ್‌ನ ಜನಜಂಗುಳಿಯ ಜಾಗದಲ್ಲಿ ಕಂಬ ಹತ್ತಿದ. ಮಧ್ಯಾಹ್ನದ ಊಟದ ಹೊತ್ತು. ಅವನು ಕೆಲಸ ಮಾಡಬೇಕಿದ್ದದ್ದು ಟೆಲಿಗ್ರಾಫ್ ತಂತಿಗಳ ನಡುವೆ, ಹಾಗಾಗಿ ಕೈಗೆ ಗ್ಲೌಸ್ ಇರಲಿಲ್ಲ. ಎಷ್ಟೋ ಬೀದಿಗಳಾಚೆ ಆ ತಂತಿಗಳಲ್ಲಿ ಒಂದು ದೀಪದ ಹೈವೋಲ್ಟೇಜ್ ತಂತಿಗೆ ತಾಗಿಕೊಂಡಿತ್ತು. ಫೀಕ್ಸ್‌ಗೆ ಅದು ಕಾಣುವ ದಾರಿಯೇ ಇರಲಿಲ್ಲ. ಬಲಗೈಯಲ್ಲಿ ಹೊಕ್ಕ ಕರೆಂಟ್ ಕಂಬ ಹತ್ತುವ ಎಡಗಾಲ ಬೂಟಿನ ಕಬ್ಬಿಣದಿಂದ ಹೊರಗೆ ಹೋಯಿತು. ಅವನು ಕೆಳಗೆ ಬೀಳಲೂ ಇಲ್ಲ. ತಂತಿಗಳ ಬಲೆಯಲ್ಲಿ ಸಿಕ್ಕಿದ ದೇಹ ಸುಮಾರು ಒಂದು ಗಂಟೆ ಅಲ್ಲೇ ಸುಡುತ್ತಿತ್ತು. ಸಾವಿರಾರು ಜನ ಕೆಳಗೆ ನಿಂತು ನೋಡಿದರು.

ಈ ಕತೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಂದ ಎಡಿಸನ್ ಮತ್ತು ವೆಸ್ಟಿಂಗ್‌ಹೌಸ್ ಜಗಳಕ್ಕೆ ಹೋಗಿಬಿಡುತ್ತಾರೆ. ಡಿ.ಸಿ. ಒಳ್ಳೆಯದೋ ಎ.ಸಿ. ಒಳ್ಳೆಯದೋ ಎಂಬ ಜಗಳ ಅದು. ಫೀಕ್ಸ್‌ನ ಸಾವು ಆ ಜಗಳದಲ್ಲಿ ಒಂದು ಪಕ್ಷಕ್ಕೆ ಆಯುಧವಾಯಿತು, ನಿಜ. ಮೇಯರ್ ಹ್ಯೂ ಗ್ರಾಂಟ್ ಕ್ರಮಕ್ಕೆ ಇಳಿದ, ಕಂಪನಿಗಳು ಕೋರ್ಟಿಗೆ ಹೋದವು, ಕೊನೆಗೆ ನಗರದ ಕೆಲಸಗಾರರು ಕೊಡಲಿ ಹಿಡಿದು ಕಂಬಗಳನ್ನೇ ಕಡಿದು ಉರುಳಿಸಿದರು. ಆದರೆ ಆ ದೊಡ್ಡವರ ಜಗಳಕ್ಕಿಂತ ನಮಗೆ ಮುಖ್ಯ ಎನಿಸಿದ್ದು ಬೇರೆ. ಫೀಕ್ಸ್ ಅಜಾಗರೂಕನಾಗಿರಲಿಲ್ಲ. ಅವನ ಕಂಪನಿಯ ತಂತಿ ಅವನ ಕಂಪನಿಯ ಲೆಕ್ಕದಲ್ಲಿ ಅಪಾಯವಿಲ್ಲದ ತಂತಿಯೇ ಆಗಿತ್ತು. ಕೊಂದ ಕರೆಂಟ್ ಬಂದದ್ದು ಅವನೂ ಅವನ ಮೇಲಿನವರೂ ಯೋಚಿಸದ ಜಾಗದಿಂದ.

ಇದರಿಂದ ಲೈನ್ ಕೆಲಸದವರು ಕಲಿತ ಪಾಠ ಚಿಕ್ಕದು. ಯಾರೋ ಆಫ್ ಮಾಡಿದ್ದಾರೆ ಎಂದ ಮಾತ್ರಕ್ಕೆ ತಂತಿ ಸತ್ತಿರುವುದಿಲ್ಲ. ಟೆಸ್ಟರ್ ಹಿಡಿದು ನೋಡಬೇಕು. ನೋಡಿದ ಮೇಲೂ ಕೆಲಸ ಮಾಡುವ ಜಾಗದ ಎರಡೂ ಬದಿಗೆ ತಂತಿಯನ್ನು ನೆಲಕ್ಕೆ ಕಟ್ಟಬೇಕು, ಅಂದರೆ ಅರ್ಥ್ ಮಾಡಬೇಕು. ಆಮೇಲೆ ಎಲ್ಲಿಂದ ಕರೆಂಟ್ ನುಗ್ಗಿದರೂ ಅದಕ್ಕೆ ನೆಲದ ಹಾದಿ ಇರುತ್ತದೆ, ಮನುಷ್ಯನ ಮೈಯೊಂದೇ ಹಾದಿ ಆಗುವುದಿಲ್ಲ. ಹೇಳಲು ಎರಡು ನಿಮಿಷ ಸಾಕು. ಅದು ಪುಸ್ತಕದ ನಿಯಮವಾಗಿ, ನಿಯಮದಿಂದ ಕಾನೂನಾಗಿ ಬರಲು ದಶಕಗಳು ಹಿಡಿದವು.

ಆ ದಶಕಗಳ ಲೆಕ್ಕ ಭಯ ಹುಟ್ಟಿಸುತ್ತದೆ. 1891ರ ನವೆಂಬರ್‌ನಲ್ಲಿ ಅಮೆರಿಕದ ಸೇಂಟ್ ಲೂಯಿಸ್ ಊರಿನಲ್ಲಿ ಹತ್ತು ಜನ ಸೇರಿ ಎಲೆಕ್ಟ್ರಿಕ್ ಕೆಲಸಗಾರರ ಸಂಘ ಕಟ್ಟಿದರು. ಆ ಹತ್ತು ಜನರ ಬೆನ್ನಿಗಿದ್ದ ಸದಸ್ಯರು 286. ಆಗ ಕೆಲವು ಪ್ರದೇಶಗಳಲ್ಲಿ ಈ ಕೆಲಸಕ್ಕೆ ಸೇರಿದ ಇಬ್ಬರಲ್ಲಿ ಒಬ್ಬ ಕೆಲಸದಲ್ಲೇ ಸಾಯುತ್ತಿದ್ದ ಎಂದು ಆ ಸಂಘದ ಇತಿಹಾಸವೇ ಹೇಳುತ್ತದೆ. ಸಂಘದ ಮೊದಲ ಅಧ್ಯಕ್ಷ ಹೆನ್ರಿ ಮಿಲ್ಲರ್ ತಾನೂ ಲೈನ್‌ಮ್ಯಾನ್. 1896ರ ಜುಲೈನಲ್ಲಿ ವಾಷಿಂಗ್ಟನ್‌ನಲ್ಲಿ ಕಂಬದ ಮೇಲೆ ಶಾಕ್ ಹೊಡೆದು, ಕೆಳಗೆ ಬಿದ್ದು ಸತ್ತ.

ಇನ್ನು ನಮ್ಮ ಕಡೆಗೆ ಬರೋಣ. ಮಿಲ್ಲರ್ ಸತ್ತ ಆರು ವರ್ಷಕ್ಕೆ, 1902ರ ಜೂನ್‌ನಲ್ಲಿ, ಶಿವನಸಮುದ್ರದ ಕರೆಂಟ್ ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಓಡಿ ಕೋಲಾರದ ಚಿನ್ನದ ಗಣಿ ಮುಟ್ಟಿತು. 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿ ದೀಪ ಹತ್ತಿದವು. ಇದನ್ನು ನಾವೆಲ್ಲ ಶಾಲೆಯಲ್ಲಿ ಹೆಮ್ಮೆಯಿಂದ ಓದಿದ್ದೇವೆ, ಶೇಷಾದ್ರಿ ಅಯ್ಯರ್ ಹೆಸರೂ ನೆನಪಿದೆ. ಆ 147 ಕಿಲೋಮೀಟರ್ ಉದ್ದಕ್ಕೂ ಗುಂಡಿ ತೋಡಿ ಕಂಬ ನಿಲ್ಲಿಸಿದವರ, ಮಳೆಗಾಲದಲ್ಲಿ ಲೈನ್ ಕಾಯ್ದವರ ಹೆಸರು ಯಾವ ಪಾಠದಲ್ಲೂ ಸಿಗಲಿಲ್ಲ.

ದೇಶಕ್ಕೆ 1910ರಲ್ಲಿ ವಿದ್ಯುತ್ ಕಾಯ್ದೆ ಬಂತು. ಸ್ವಾತಂತ್ರ್ಯ ಬಂದ ಮೇಲೆ, ಅದರ ಕೆಳಗೆ 1956ರ ಭಾರತೀಯ ವಿದ್ಯುತ್ ನಿಯಮಗಳು ಬಂದವು. ಅದರಲ್ಲಿ 36ನೇ ನಿಯಮವನ್ನು ನಾವು ಎರಡೆರಡು ಸಲ ಓದಿದೆವು. ತಂತಿ ಮುಟ್ಟುವ ಮೊದಲು ಅರ್ಥ್ ಮಾಡಿ ಅದರಲ್ಲಿರುವ ಕರೆಂಟ್ ಇಳಿಸಬೇಕು. ಅಪಾಯವಿದ್ದರೆ ಪಕ್ಕದ ತಂತಿಗೂ ಹಾಗೇ ಮಾಡಬೇಕು. ಕೆಲಸ ನಡೆಯುವಾಗ ಯಾರೂ ತಪ್ಪಿ ಚಾರ್ಜ್ ಮಾಡದಂತೆ ನೋಡಿಕೊಳ್ಳಬೇಕು. ಕೆಲಸ ಮಾಡುವ ಪ್ರತಿಯೊಬ್ಬನಿಗೂ ಗ್ಲೌಸ್, ರಬ್ಬರ್ ಶೂ, ಸೇಫ್ಟಿ ಬೆಲ್ಟ್, ಏಣಿ, ಅರ್ಥಿಂಗ್ ಸಾಧನ, ಹೆಲ್ಮೆಟ್, ಟೆಸ್ಟರ್ ಕೊಡಬೇಕು, ಅವು ಕೆಲಸಕ್ಕೆ ಬರುವ ಸ್ಥಿತಿಯಲ್ಲೂ ಇರಬೇಕು. ಜೀವಂತ ಲೈನ್ ಮೇಲೆ ಅಧಿಕಾರ ಕೊಟ್ಟವರಲ್ಲದೆ ಬೇರೆಯವರು ಕೆಲಸ ಮಾಡಬಾರದು. ಅವರಿಗೆ ಸಹಾಯಕ್ಕೂ ಬೇರೆಯವರು ನಿಲ್ಲಬಾರದು.

ಆ ಕೊನೆಯ ಮಾತನ್ನು ಇನ್ನೊಮ್ಮೆ ಓದಿ. ಸಹಾಯಕ್ಕೂ ನಿಲ್ಲಬಾರದು. ಇದು ಬರೆದದ್ದು 1956ರಲ್ಲಿ. ಅದರ ಮರುವರ್ಷ ನಮ್ಮ ರಾಜ್ಯದ ವಿದ್ಯುತ್ ಮಂಡಳಿ ಹುಟ್ಟಿತು. ಅದೇ ಮುಂದೆ ಎಲ್ಲರ ಬಾಯಲ್ಲಿ ಕೆ.ಇ.ಬಿ. ಆಯಿತು. ಮಂಡಳಿ ಹೋಗಿ ನಿಗಮ, ಕಂಪನಿಗಳು ಬಂದು ಇಪ್ಪತ್ತು ವರ್ಷದ ಮೇಲಾದರೂ ಊರಲ್ಲಿ ಈಗಲೂ ‘ಕೆ.ಇ.ಬಿ.ಯವರು ಬಂದ್ರಾ?’ ಎಂದೇ ಕೇಳುತ್ತೇವೆ. 2003ರ ಹೊಸ ವಿದ್ಯುತ್ ಕಾಯ್ದೆಯ ಕೆಳಗೆ 2010ರಲ್ಲಿ, ಮತ್ತೆ 2023ರಲ್ಲಿ ಸುರಕ್ಷತೆಯ ನಿಯಮಗಳನ್ನು ಹೊಸದಾಗಿ ಬರೆದರು. ಹಳೆಯ ನಿಯಮದ ತಿರುಳು ಅವುಗಳಲ್ಲೂ ಹಾಗೇ ಉಳಿದಿದೆ.

ಕಾಗದದ ಮೇಲೆ ಇದನ್ನು ಕಾಯುವ ವ್ಯವಸ್ಥೆಯ ಹೆಸರು ‘ಲೈನ್ ಕ್ಲಿಯರ್’. ಲೈನ್‌ಮ್ಯಾನ್‌ಗಳು ‘ಎಲ್.ಸಿ. ತಗೊಂಡಿದೀನಿ’ ಎನ್ನುವುದನ್ನು ನೀವು ಕೇಳಿರುತ್ತೀರಿ. ಸಬ್‌ಸ್ಟೇಷನ್‌ನಲ್ಲಿ ಫೀಡರ್ ಆಫ್ ಮಾಡಿ, ಯಾರಿಗೆ, ಎಷ್ಟು ಗಂಟೆಗೆ, ಯಾವ ಲೈನ್ ಬಿಟ್ಟುಕೊಟ್ಟೆವು ಎಂದು ಪುಸ್ತಕದಲ್ಲಿ ಬರೆಯುತ್ತಾರೆ. ಎಲ್.ಸಿ. ತೆಗೆದುಕೊಂಡವರೇ ‘ನನ್ನ ಜನ ಎಲ್ಲ ಕೆಳಗೆ ಇಳಿದಿದ್ದಾರೆ, ಅರ್ಥ್ ತೆಗೆದಿದ್ದೇವೆ’ ಎಂದು ವಾಪಸ್ ಕೊಡುವ ತನಕ ಫೀಡರ್ ಚಾರ್ಜ್ ಮಾಡುವಂತಿಲ್ಲ. ಸರಳ ವ್ಯವಸ್ಥೆ, ಒಳ್ಳೆಯ ವ್ಯವಸ್ಥೆ. ಇದು ಮುರಿಯುವುದು ಗಾಳಿ ಮಳೆ ಬಂದ ಮರುದಿನ.

ಯಾಕೆಂದರೆ ಅವತ್ತು ಒಂದೇ ಫೀಡರ್ ಮೇಲೆ ಮೂರು ಕಡೆ ಮರ ಬಿದ್ದಿರುತ್ತದೆ, ಮೂರು ಗ್ಯಾಂಗ್ ಕೆಲಸ ಮಾಡುತ್ತಿರುತ್ತದೆ. ಎಲ್.ಸಿ. ಒಬ್ಬರ ಹೆಸರಲ್ಲಿ. ಅವರ ಕೆಲಸ ಮುಗಿಯುತ್ತದೆ, ಫೋನ್‌ನಲ್ಲಿ ವಾಪಸ್ ಕೊಡುತ್ತಾರೆ. ಇನ್ನೆರಡು ಗ್ಯಾಂಗ್ ಕಂಬದ ಮೇಲೇ ಇರುತ್ತದೆ. ಇಲ್ಲವೇ ಸಬ್‌ಸ್ಟೇಷನ್‌ಗೆ ಫೋನ್ ಸಿಗುವುದಿಲ್ಲ, ಹತ್ತಿರದ ಕಂಬದ ಸ್ವಿಚ್ಚು ಎಳೆದು ಕೆಲಸ ಶುರು ಮಾಡುತ್ತಾರೆ. ಆ ಸ್ವಿಚ್ಚಿನ ಮೂರು ಬ್ಲೇಡ್‌ಗಳಲ್ಲಿ ಒಂದು ತುಕ್ಕು ಹಿಡಿದು ಪೂರ್ತಿ ಬಿಟ್ಟಿರುವುದಿಲ್ಲ. ಕತ್ತಲಲ್ಲಿ ಅದು ಕಾಣುವುದಿಲ್ಲ. ಅರ್ಥ್ ರಾಡ್ ಸೆಕ್ಷನ್ ಆಫೀಸಿನಲ್ಲಿ ಉಳಿದಿರುತ್ತದೆ.

ಕರೆಂಟ್ ಎಷ್ಟು ದಾರಿಯಿಂದ ಬರಬಹುದು ಎಂದು ತಿಳಿದಾಗ ನಾವು ನಿಜಕ್ಕೂ ಬೆಚ್ಚಿದೆವು. ತಂತಿ ಕಡಿದು ನೆಲಕ್ಕೆ ಬಿದ್ದರೆ ತಾನಾಗಿಯೇ ಲೈನ್ ಟ್ರಿಪ್ ಆಗುತ್ತದೆ ಎಂದುಕೊಂಡಿದ್ದೆವು. ಒಣ ನೆಲ, ಕಲ್ಲು, ಡಾಂಬರು ರಸ್ತೆಯ ಮೇಲೆ ಬಿದ್ದರೆ ಎಷ್ಟೋ ಸಲ ಆಗುವುದಿಲ್ಲ. ನೆಲಕ್ಕೆ ಹರಿಯುವ ಕರೆಂಟ್ ಅಷ್ಟು ಕಡಿಮೆ ಇರುತ್ತದೆ, ಸಬ್‌ಸ್ಟೇಷನ್‌ನ ಬ್ರೇಕರ್‌ಗೆ ಅದು ಇನ್ನೊಂದು ಮೋಟಾರ್ ಓಡಿದಷ್ಟೇ. ಮನುಷ್ಯನನ್ನು ಕೊಲ್ಲಲು ಅಷ್ಟು ಸಾಕು. ತಂತಿ ಮುಟ್ಟಬೇಕೆಂದೂ ಇಲ್ಲ. ಬಿದ್ದ ಜಾಗದ ಸುತ್ತ ನೆಲದಲ್ಲೇ ಕರೆಂಟ್ ಹರಡಿರುತ್ತದೆ, ಒಂದು ಕಾಲಿಗೂ ಇನ್ನೊಂದು ಕಾಲಿಗೂ ನಡುವೆ ವೋಲ್ಟೇಜ್ ಇರುತ್ತದೆ. ದನಗಳು ಹೆಚ್ಚು ಸಾಯುವುದು ಇದರಿಂದಲೇ, ಅವುಗಳ ಮುಂಗಾಲು ಹಿಂಗಾಲುಗಳ ನಡುವಿನ ಅಂತರ ಹೆಚ್ಚು.

ಇನ್ನೊಂದು ದಾರಿ ಇನ್ನೂ ಮೋಸದ್ದು. ಮೂರು ಫೇಸ್‌ನಲ್ಲಿ ಒಂದು ತಂತಿ ಕಡಿದಿದೆ. ಸಬ್‌ಸ್ಟೇಷನ್ ಕಡೆಯ ತುಂಡು ಮೇಲೆ ನೇತಾಡುತ್ತಿದೆ, ಊರ ಕಡೆಯ ತುಂಡು ನೆಲದ ಮೇಲಿದೆ. ಅದಕ್ಕೆ ಎಲ್ಲಿಂದ ಬಂದೀತು ಕರೆಂಟ್ ಎಂದು ಯಾರಿಗಾದರೂ ಅನಿಸುತ್ತದೆ. ಉಳಿದ ಎರಡು ಫೇಸ್ ಜೀವಂತವಿದ್ದರೆ, ಮುಂದಿನ ಟಿ.ಸಿ.ಯ ಸುರುಳಿಯ ಮೂಲಕ, ಪಂಪ್‌ಸೆಟ್ ಮೋಟಾರಿನ ಮೂಲಕ ಅದು ಸುತ್ತಿ ಬಂದು ಹಿಂದಿನಿಂದ ತುಂಬಿಕೊಳ್ಳುತ್ತದೆ.

ಮತ್ತೊಂದು ದಾರಿ ನಮ್ಮ ಮನೆಯದೇ. ಕರೆಂಟ್ ಇಲ್ಲ ಎಂದು ಹಾಲಿನ ಡೈರಿಯಲ್ಲೋ, ಮದುವೆ ಮನೆಯಲ್ಲೋ ಜನರೇಟರ್ ಶುರು ಮಾಡುತ್ತೇವೆ. ಚೇಂಜ್‌ಓವರ್ ಸ್ವಿಚ್ಚು ಹಾಕದೆ ಮನೆ ವೈರಿಂಗ್‌ಗೇ ನೇರ ಸಿಕ್ಕಿಸಿದರೆ ಆ ಕರೆಂಟ್ ಮೀಟರ್ ದಾಟಿ ಬೀದಿ ಲೈನ್‌ಗೆ ಹೋಗುತ್ತದೆ. ಟಿ.ಸಿ. ಮುಟ್ಟಿದರೆ ಅದು ಉಲ್ಟಾ ಕೆಲಸ ಮಾಡುತ್ತದೆ, 11 ಸಾವಿರ ವೋಲ್ಟ್ ಲೈನ್ ಕಡೆಗೆ ವೋಲ್ಟೇಜನ್ನು ಏರಿಸಿ ಕಳಿಸುತ್ತದೆ. ಫೀಕ್ಸ್‌ನನ್ನು ಕೊಂದದ್ದು ಎಷ್ಟೋ ಬೀದಿಯಾಚೆಯ ಕರೆಂಟ್. ಇಲ್ಲಿ ಕೊಲ್ಲುವುದು ಎರಡು ಕಂಬದಾಚೆಯ ಮದುವೆ ಮನೆಯದು. ಅರ್ಥ್ ಹಾಕಿದ್ದರೆ ಈ ಯಾವ ದಾರಿಯಿಂದ ಬಂದರೂ ಮೇಲಿರುವವನಿಗೆ ಬದುಕುವ ದಾರಿ ಉಳಿಯುತ್ತಿತ್ತು.

ದೊಡ್ಡ ಚಂಡಮಾರುತಗಳಲ್ಲಿ ಈ ಎಲ್ಲ ದಾರಿಗಳೂ ಒಟ್ಟಿಗೆ ತೆರೆದುಕೊಳ್ಳುತ್ತವೆ. 2018ರ ನವೆಂಬರ್‌ನಲ್ಲಿ ಗಜ ಚಂಡಮಾರುತ ತಮಿಳುನಾಡಿನ ಕಾವೇರಿ ಮುಖಜ ಭೂಮಿಯ ಮೇಲೆ ಹಾದು ಹೋದಾಗ ಒಂದು ಲಕ್ಷಕ್ಕೂ ಹೆಚ್ಚು ಕಂಬ ಬಿದ್ದವು. ಮರುವರ್ಷ ಮೇ 3ಕ್ಕೆ ಒಡಿಶಾದ ಪುರಿಗೆ ಫನಿ ಬಂತು, ಅಲ್ಲಿ ಒಂದೂವರೆ ಲಕ್ಷದಷ್ಟು. ನಮ್ಮ ಕರಾವಳಿಯಲ್ಲಿ 2021ರ ಮೇ ತಿಂಗಳ ತೌಕ್ತೆ ನೆನಪಿರಬಹುದು. ಇಂಥ ಹೊತ್ತಲ್ಲಿ ಬೇರೆ ಜಿಲ್ಲೆ, ಬೇರೆ ರಾಜ್ಯಗಳಿಂದ ಜನ ಬರುತ್ತಾರೆ, ಗುತ್ತಿಗೆದಾರರು ಲಾರಿಯಲ್ಲಿ ಕೂಲಿಯವರನ್ನು ತರುತ್ತಾರೆ. ಅವರು ಮಾಡಿದ ಕೆಲಸ ದೊಡ್ಡದು. ಆದರೆ ಯಾವ ಕಂಬಕ್ಕೆ ಎಲ್ಲಿಂದ ಲೈನ್ ಬಂದಿದೆ, ಎಲ್ಲಿ ಎರಡು ಫೀಡರ್ ಒಂದರ ಮೇಲೊಂದು ದಾಟುತ್ತವೆ ಎಂಬುದು ಊರಿನ ಲೈನ್‌ಮ್ಯಾನ್‌ಗೆ ಗೊತ್ತು, ಲಾರಿಯಿಂದ ಇಳಿದವನಿಗೆ ಗೊತ್ತಿರುವುದಿಲ್ಲ. ಅವನ ಕೂಲಿ ದಿನದ ಲೆಕ್ಕದಲ್ಲೋ, ನಿಲ್ಲಿಸಿದ ಕಂಬದ ಲೆಕ್ಕದಲ್ಲೋ ಇರುತ್ತದೆ. ಕಂಬದ ಲೆಕ್ಕವಾದರೆ ಅರ್ಥ್ ಹಾಕುವ ಹತ್ತು ನಿಮಿಷ ಅವನಿಗೆ ನಷ್ಟ.

ಅಮೆರಿಕದವರು 1994ರಲ್ಲಿ ಲೈನ್ ಕೆಲಸಕ್ಕೆಂದೇ ಬೇರೆ ಸುರಕ್ಷತಾ ನಿಯಮ ಮಾಡಿದರು. ಅದರಲ್ಲಿ ಮರ ಕಡಿಯುವವರಿಗೇ ಒಂದು ಭಾಗವಿದೆ. ಬಿರುಗಾಳಿಯ ನಂತರ ಲೈನ್ ಹತ್ತಿರ ಮರ ಕಡಿಯುವವರಿಗೆ ಆ ಕೆಲಸದ ಅಪಾಯಗಳ ಬಗ್ಗೆ ಪ್ರತ್ಯೇಕ ತರಬೇತಿ ಆಗಿರಲೇಬೇಕು. ತರಬೇತಿ ಇಲ್ಲದವರು ಲೈನ್‌ನಿಂದ ಕನಿಷ್ಠ 10 ಅಡಿ ದೂರ. ಅಲ್ಲೂ ಪ್ರತಿ ಬಿರುಗಾಳಿಯ ನಂತರ ಇದನ್ನು ಮುರಿಯುವವರು ಇದ್ದಾರೆ, ಅದು ಸ್ವರ್ಗವೇನಲ್ಲ. ಆದರೆ ಮರ ಕಡಿಯುವುದೂ ಲೈನ್ ಕೆಲಸವೇ ಎಂದು ಅಲ್ಲಿ ಒಪ್ಪಿಕೊಂಡಿದ್ದಾರೆ. ನಮ್ಮಲ್ಲಿ ಮಚ್ಚು ಹಿಡಿದು ಹತ್ತಿದ ಹುಡುಗ ಬದುಕಿರುವಾಗ ಯಾರ ಲೆಕ್ಕದಲ್ಲೂ ಇರುವುದಿಲ್ಲ. ಸತ್ತ ಮೇಲೆ ‘ಅವನೇ ಹತ್ತಿದ, ನಾವು ಹೇಳಿಲ್ಲ’ ಎಂಬ ಮಾತು ಬರುತ್ತದೆ.

ಇದಕ್ಕೂ ಕಾನೂನಿನಲ್ಲಿ ಹಳೆಯ ಉತ್ತರವಿದೆ. ಗುತ್ತಿಗೆದಾರನ ಮೂಲಕ ತನ್ನ ಕೆಲಸ ಮಾಡಿಸಿಕೊಂಡ ಮುಖ್ಯ ಮಾಲೀಕನೂ ಪರಿಹಾರಕ್ಕೆ ಹೊಣೆ ಎಂಬ ಮಾತು 1923ರ ಕಾರ್ಮಿಕರ ಪರಿಹಾರ ಕಾಯ್ದೆಯಲ್ಲೇ ಬಂದಿತ್ತು. ಆದರೆ ಕೆಲಸಕ್ಕೆ ಕರೆದದ್ದಕ್ಕೆ ಹಾಜರಿ ಚೀಟಿ, ಕೂಲಿ ಕೊಟ್ಟ ಲೆಕ್ಕ, ಏನೋ ಒಂದು ಆಧಾರ ಬೇಕು. ‘ಸ್ವಲ್ಪ ಬಾರೋ, ಒಂದು ಕೊಂಬೆ ಇದೆ’ ಎಂದು ಕರೆದವನಿಗೆ ಅದೇನೂ ಇರುವುದಿಲ್ಲ.

ಇಷ್ಟು ಬರೆದ ಮೇಲೆ ನಮ್ಮ ಕಡೆಯ ತಪ್ಪನ್ನೂ ಹೇಳಬೇಕು. ಕರೆಂಟ್ ಹೋಗಿ ಎರಡು ಗಂಟೆ ಆದರೆ ಸೆಕ್ಷನ್ ಆಫೀಸಿಗೆ ಇಡೀ ಊರು ಫೋನ್ ಮಾಡುತ್ತದೆ. ಬೋರ್‌ವೆಲ್ ಓಡಬೇಕು, ಮಕ್ಕಳಿಗೆ ಪರೀಕ್ಷೆ, ಮೊಬೈಲ್ ಸತ್ತಿದೆ. ಊರ ವಾಟ್ಸಾಪ್ ಗುಂಪಿನಲ್ಲಿ ಲೈನ್‌ಮ್ಯಾನ್‌ನನ್ನು ಬೈದು ಹಾಕಿದ ಮೆಸೇಜ್‌ಗಳಲ್ಲಿ ನಮ್ಮವೂ ಇವೆ. ಆ ಅವಸರ ಫೋನ್‌ನಿಂದ ಜೆ.ಇ.ಗೆ, ಜೆ.ಇ.ಯಿಂದ ಲೈನ್‌ಮ್ಯಾನ್‌ಗೆ, ಲೈನ್‌ಮ್ಯಾನ್‌ನಿಂದ ಮರದ ಕೆಳಗೆ ನಿಂತ ಹುಡುಗನಿಗೆ ಇಳಿಯುತ್ತಾ ಹೋಗುತ್ತದೆ. ಅರ್ಥ್ ರಾಡ್ ತರಲು ವಾಪಸ್ ಹೋಗುತ್ತೇನೆ ಎಂದ ಲೈನ್‌ಮ್ಯಾನ್‌ಗೆ ‘ಇಷ್ಟಕ್ಕೆಲ್ಲ ಯಾಕೆ ಸಾರ್’ ಎಂದವರನ್ನು ನಾವೇ ಕಣ್ಣಾರೆ ಕಂಡಿದ್ದೇವೆ. ನಾವು ಸುಮ್ಮನೆ ನಿಂತಿದ್ದೆವು.

ತಂತಿ ಬಿದ್ದದ್ದು ಕಂಡರೆ 1912ಕ್ಕೆ ಫೋನ್ ಮಾಡಿ, ಹತ್ತಿರದ ಕಂಬದ ನಂಬರ್ ಹೇಳಿ, ದನ ಮಕ್ಕಳನ್ನು ದೂರ ಹಿಡಿಯಿರಿ. ಇದು ಎಲ್ಲರಿಗೂ ಗೊತ್ತಿರುವುದೇ. ನಮ್ಮ ಬರವಣಿಗೆಯಲ್ಲಿ ಬದಲಾಗಬೇಕಾದದ್ದು ಬೇರೆ. ವಿದ್ಯುತ್ತಿನಿಂದ ಸಾವು ಆದರೆ 24 ಗಂಟೆಯೊಳಗೆ ವಿದ್ಯುತ್ ಪರಿವೀಕ್ಷಕರಿಗೆ ತಿಳಿಸಬೇಕು ಎಂಬುದು ಹಳೆಯ ನಿಯಮ. ಅವರು ಬಂದು ತನಿಖೆ ಮಾಡುತ್ತಾರೆ. ವರದಿ ಕಡತ ಸೇರುತ್ತದೆ, ಸತ್ತವನ ಮನೆಯವರಿಗೆ ಅದು ಇದೆ ಎಂಬುದೇ ಎಷ್ಟೋ ಸಲ ಗೊತ್ತಿರುವುದಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಕೊಟ್ಟು ಅದನ್ನು ಕೇಳಬಹುದು. ಈ ಮಳೆಗಾಲದಿಂದ ಅಂಥ ಸುದ್ದಿ ಬಂದಾಗ ನಾವು ಎರಡು ಕಾಗದ ಕೇಳಲಿದ್ದೇವೆ. ಒಂದು ಆ ವರದಿ. ಇನ್ನೊಂದು, ಆ ದಿನ ಆ ಹೊತ್ತಿಗೆ ಸಬ್‌ಸ್ಟೇಷನ್‌ನ ಎಲ್.ಸಿ. ಪುಸ್ತಕದಲ್ಲಿ ಬರೆದ ಪುಟ.